ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ ಎಷ್ಟು, ಹೊತ್ತು ಎಷ್ಟು?

ಗೋಡೆಯ ಭೂಪಟದಲ್ಲಿ ಈ ಎರಡು ಊರುಗಳ ನಡುವೆ ಸ್ಕೇಲಿಟ್ಟು ಗೆರೆ ಎಳೆದರೆ ತಪ್ಪು ದಾರಿ ಸಿಗುತ್ತದೆ. ಒಂದು ಗ್ಲೋಬ್ ತೆಗೆದುಕೊಳ್ಳಿ. ಎರಡೂ ಊರಿಗೆ ದಾರ ಬಿಗಿಯಾಗಿ ಹಿಡಿಯಿರಿ. ದಾರ ಟಿಬೆಟ್, ಸೈಬೀರಿಯಾ ದಾಟಿ, ಅಲಾಸ್ಕಾ ಮೇಲಿಂದ ಕೆಳಗಿಳಿಯುತ್ತದೆ. ಗೋಳದ ಮೇಲೆ ಅದೇ ಹತ್ತಿರದ ದಾರಿ, ಹೆಸರು ಮಹಾವೃತ್ತ. ಉದ್ದ ಸುಮಾರು 13,990 ಕಿ.ಮೀ.

ಈ ಅಂಕಿ ಸರಿಯೇ ಎಂದು ನೋಡಲು ನನಗೆ ತುಂಬಾ ಇಷ್ಟವಾದ ಒಂದು ಸುಲಭ ಲೆಕ್ಕ ಇದೆ. ಕೆಂಪೇಗೌಡ ವಿಮಾನ ನಿಲ್ದಾಣ ಇರುವುದು 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿಂದ ಉತ್ತರ ಧ್ರುವಕ್ಕೆ 76.8 ಡಿಗ್ರಿ. ಸ್ಯಾನ್ ಫ್ರಾನ್ಸಿಸ್ಕೊ 37.6ರಲ್ಲಿದೆ, ಅಲ್ಲಿಂದ ಧ್ರುವಕ್ಕೆ 52.4. ಕೂಡಿಸಿದರೆ 129.2 ಡಿಗ್ರಿ. ಒಂದು ಡಿಗ್ರಿಗೆ 111.2 ಕಿ.ಮೀ. ಅಂದರೆ ನೇರ ಧ್ರುವದ ಮೇಲೆಯೇ ಹೋದರೂ ಸುಮಾರು 14,370 ಕಿ.ಮೀ. ಜಾಸ್ತಿ ಆಗಿದ್ದು ಬರೀ 380 ಕಿ.ಮೀ! ಎರಡೂ ಊರು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಪಕ್ಕದಲ್ಲಿವೆ, ರೇಖಾಂಶದ ಅಂತರ 160 ಡಿಗ್ರಿ. ಅದಕ್ಕೇ ಹೀಗೆ.

ಆದರೆ ವಿಮಾನ ದಾರದ ಗೆರೆಯನ್ನೇ ಹಿಡಿಯುವುದಿಲ್ಲ. ಟಿಬೆಟ್ ಮೇಲೆ ಒಳಗಿನ ಗಾಳಿಯ ಒತ್ತಡ ಕೆಟ್ಟರೆ ಉಸಿರಾಡುವಷ್ಟು ಕೆಳಕ್ಕೆ ಇಳಿಯಬೇಕು, ಅಲ್ಲಿ ನೆಲವೇ ಅಷ್ಟು ಎತ್ತರದಲ್ಲಿದೆ. ಇನ್ನೊಂದು ಕಾರಣ ಗಾಳಿ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸುತ್ತದೆ. ಹಿಂದಿನಿಂದ ತಳ್ಳಿದರೆ ಲಾಭ, ಎದುರಾದರೆ ನಷ್ಟ. ಗಂಟೆಗೆ 900 ಕಿ.ಮೀ. ಎಂದುಕೊಂಡರೆ ಹದಿನೈದೂವರೆ ಗಂಟೆ. ಏರುವುದು, ಇಳಿಯುವುದು, ಸುತ್ತು ಸೇರಿ ಹೋಗುವಾಗ ಸುಮಾರು 16, ಬರುವಾಗ 17 ಗಂಟೆ ಇಟ್ಟುಕೊಳ್ಳಿ.

ಈಗ ಎಲ್ಲರೂ ಎಡವುವ ಜಾಗ: ಗಡಿಯಾರ. ಟಿಕೆಟ್‌ನಲ್ಲಿರುವ ಎರಡೂ ಹೊತ್ತು ಆಯಾ ಊರಿನವು. ಸುಮ್ನೆ ಕಳೆದರೆ ಪ್ರಯಾಣದ ಹೊತ್ತು ಬರುವುದಿಲ್ಲ. ಚಳಿಗಾಲದಲ್ಲಿ ನಾವು ಅವರಿಗಿಂತ ಹದಿಮೂರೂವರೆ ಗಂಟೆ ಮುಂದೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಗ ಹನ್ನೆರಡೂವರೆ. ಜನವರಿಯಲ್ಲಿ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟಿರಿ ಎನ್ನಿ. 16 ಗಂಟೆ ಕೂಡಿಸಿ: ನಮ್ಮ ಮರುದಿನ ಬೆಳಿಗ್ಗೆ 6. ಹದಿಮೂರೂವರೆ ಕಳೆಯಿರಿ: ಅಲ್ಲಿ ಅದೇ ದಿನ ಸಂಜೆ 4.30. ಗಡಿಯಾರದಲ್ಲಿ ಎರಡೂವರೆ ಗಂಟೆ ಮಾತ್ರ!

ವಾಪಸ್ ಬರುವಾಗ ಉಲ್ಟಾ. ಈ ಎರಡು ಊರುಗಳ ನಡುವೆ ಏರ್ ಇಂಡಿಯಾದ ಮೊದಲ ನೇರ ವಿಮಾನ, ಬೋಯಿಂಗ್ 777, ಮಹಿಳಾ ಪೈಲಟ್‌ಗಳೇ ನಡೆಸಿದ್ದು, ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟಿದ್ದು 2021ರ ಜನವರಿ 9ರ ರಾತ್ರಿ. ಬೆಂಗಳೂರಿನಲ್ಲಿ ಇಳಿದಿದ್ದು 11ರ ನಸುಕಿನಲ್ಲಿ. ಶನಿವಾರ ಹತ್ತಿದವರು ಸೋಮವಾರ ಇಳಿದರು. ನಿಮ್ಮವರನ್ನು ಕರೆತರಲು ಹೋಗುವಾಗ ಟಿಕೆಟ್‌ನಲ್ಲಿ ಇಳಿಯುವ ತಾರೀಕನ್ನೇ ನೋಡಿ, ಹತ್ತುವ ತಾರೀಕಲ್ಲ.