ಚಪಾತಿ ಬಿಟ್ಟರೂ ಇಳಿಯದ ಟಿಟಿಜಿ

ಗೋಧಿ ತಿಂದರೆ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆ ಇರುವವರಿಗೆ ‘ಗೋಧಿ ಬಿಡಿ’ ಅಂತ ಹೇಳಿ ಕಳಿಸುವುದು ಸುಲಭ. ನಮ್ಮ ಅಡುಗೆಮನೆಯಲ್ಲಿ ಗೋಧಿ ಎಲ್ಲೆಲ್ಲಿ ಸೇರಿಕೊಂಡಿದೆ ಅಂತ ಹುಡುಕಿ ತೆಗೆಯುವುದು ಕಷ್ಟ. ಡಯಟಿಷಿಯನ್ ಆಗಿ ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಈ ಹುಡುಕಾಟವೇ.

ನಾವು ಅನ್ನ, ಮುದ್ದೆ, ಜೋಳದ ರೊಟ್ಟಿ ತಿನ್ನೋರು, ಇದು ಉತ್ತರದವರ ಕಾಯಿಲೆ ಅಲ್ವಾ ಅಂತ ಬಹಳ ಜನ ಕೇಳುತ್ತಾರೆ. ಆ ಮಾತಿನಲ್ಲಿ ಸ್ವಲ್ಪ ನಿಜ ಇದೆ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಉತ್ತರ ಭಾರತದಲ್ಲಿ ಶೇ 1.23ರಷ್ಟು ಮಂದಿಯ ರಕ್ತದಲ್ಲಿ ಸೀಲಿಯಾಕ್ ಸೂಚಿಸುವ ಪ್ರತಿಕಾಯಗಳು ಸಿಕ್ಕವು. ದಕ್ಷಿಣದಲ್ಲಿ ಶೇ 0.10. ಆದರೆ ಈ ಕಾಯಿಲೆಗೆ ದಾರಿ ಮಾಡಿಕೊಡುವ ಜೀನ್‌ಗಳು ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿದ್ದವು, ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಲ್ಲಿ. ದೊಡ್ಡ ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ಅಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ, ಇಲ್ಲಿ 25 ಗ್ರಾಂ. ಈಗ ನಮ್ಮ ಮಕ್ಕಳು ಬೆಳಿಗ್ಗೆ ಬಿಸ್ಕತ್ತು, ಮಧ್ಯಾಹ್ನ ಚಪಾತಿ ಡಬ್ಬಿ, ಸಂಜೆ ನೂಡಲ್ಸ್ ತಿನ್ನುತ್ತಿದ್ದಾರೆ. ಹಾಗಾಗಿ ‘ನಮಗೆ ಬರಲ್ಲ’ ಅಂತ ಕೂರುವ ಹಾಗಿಲ್ಲ.

ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇರುತ್ತದೆ. ಸೀಲಿಯಾಕ್ ಇರುವವರು ಅದನ್ನು ತಿಂದರೆ ದೇಹದ ರೋಗನಿರೋಧಕ ವ್ಯವಸ್ಥೆ ಅವರ ಸಣ್ಣ ಕರುಳಿನ ಮೇಲೇ ತಿರುಗಿ ಬೀಳುತ್ತದೆ. ಊಟದ ಸಾರ ಹೀರಿಕೊಳ್ಳುವ ಸಣ್ಣ ಸಣ್ಣ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಎಲ್ಲರಿಗೂ ಭೇದಿ ಆಗಲೇಬೇಕು ಅಂತೇನಿಲ್ಲ. ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಮೇಲೇಳದ ಹಿಮೋಗ್ಲೋಬಿನ್, ವಯಸ್ಸಿಗೆ ತಕ್ಕಂತೆ ಬೆಳೆಯದ ಮಗು, ಚಿಕ್ಕ ವಯಸ್ಸಿಗೇ ಸವೆದ ಮೂಳೆ, ಮತ್ತೆ ಮತ್ತೆ ಗರ್ಭಪಾತ, ಇವೆಲ್ಲದರ ಹಿಂದೆಯೂ ಇದು ಇರಬಹುದು.

ಒಂದು ವಿಷಯ ಒತ್ತಿ ಹೇಳಬೇಕು. ಅನುಮಾನ ಬಂದ ಕೂಡಲೇ ಸುಮ್ನೆ ಗೋಧಿ ಬಿಟ್ಟುಬಿಡಬೇಡಿ. ಮೊದಲು ಟಿಟಿಜಿ ರಕ್ತ ಪರೀಕ್ಷೆ (ಈ ಕಾಯಿಲೆಯಲ್ಲಿ ಏರುವ, ಗೋಧಿ ಬಿಟ್ಟರೆ ಇಳಿಯಬೇಕಾದ ಪ್ರತಿಕಾಯದ ಅಳತೆ), ಡಾಕ್ಟರ್ ಹೇಳಿದರೆ ಎಂಡೋಸ್ಕೋಪಿಯಲ್ಲಿ ಬಯಾಪ್ಸಿ, ಅಂದರೆ ಕರುಳಿನ ಸಣ್ಣ ಚೂರು ತೆಗೆದು ಪರೀಕ್ಷೆ. ಆಮೇಲೆ ಪಥ್ಯ. ಮೊದಲೇ ಗೋಧಿ ಬಿಟ್ಟರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣದೇ ಹೋಗಬಹುದು. ಟಿಟಿಜಿ ಜೊತೆಗೆ ಒಟ್ಟು ಐಜಿಎ (ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ) ಪರೀಕ್ಷೆ ಕೂಡ ಮಾಡಿಸಿ. ಅದು ತೀರಾ ಕಮ್ಮಿ ಇರುವವರಲ್ಲಿ ಕಾಯಿಲೆ ಇದ್ದರೂ ಟಿಟಿಜಿ ನಾರ್ಮಲ್ ಬರಬಹುದು.

ಇನ್ನು ಅಡುಗೆಮನೆಗೆ ಬರೋಣ. ಒಬ್ಬ ಗೃಹಿಣಿ ಚಪಾತಿ, ಉಪ್ಪಿಟ್ಟು, ಬ್ರೆಡ್ ಎಲ್ಲ ಬಿಟ್ಟು ವರ್ಷವಾಗಿದ್ದರೂ ಟಿಟಿಜಿ ಇಳಿದಿರಲಿಲ್ಲ. ಮನೆಯವರು ‘ಕದ್ದು ತಿಂತಾಳೆ’ ಅಂತ ಅನುಮಾನ ಪಟ್ಟಿದ್ದರು. ಆಕೆ ನನ್ನ ಮುಂದೆ ಕೂತು ಅತ್ತರು. ನಂಬರ್ ಇಳಿಯದಿದ್ದಾಗ ರೋಗಿಯನ್ನು ಗದರುವುದು ದೊಡ್ಡ ಅನ್ಯಾಯ. ಮೊದಲು ಆಹಾರ ಬರುವ ದಾರಿಯನ್ನು ನೋಡಬೇಕು. ಆಕೆಯ ರಾಗಿ ಹಿಟ್ಟು ಬರುತ್ತಿದ್ದದ್ದು ಬೀದಿಯ ಗಿರಣಿಯಿಂದ. ಅದೇ ಮಿಷನ್‌ನಲ್ಲಿ ಬೇರೆಯವರ ಗೋಧಿಯನ್ನೂ ಬೀಸುತ್ತಿದ್ದರು. ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ಕೊಳವೆಯಲ್ಲಿ ಉಳಿದ ಗೋಧಿ ಹಿಟ್ಟು ನೇರ ಇವರ ಡಬ್ಬಕ್ಕೆ ಬರುತ್ತಿತ್ತು. ರಾಗಿಯಲ್ಲಿ ತಪ್ಪಿಲ್ಲ, ತಿಂದವರಲ್ಲೂ ತಪ್ಪಿಲ್ಲ.

ಅಷ್ಟು ಸ್ವಲ್ಪಕ್ಕೆ ಏನಾಗುತ್ತೆ ಅನ್ನಬೇಡಿ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೆಲವು ತಿಂಗಳು ಹೊಟ್ಟೆಗೆ ಹೋದರೂ ಕರುಳಿಗೆ ಹಾನಿಯಾಗಬಹುದು. ಒಂದು ಚಪಾತಿಯನ್ನು ನಲವತ್ತು ಚೂರು ಮಾಡಿದರೆ ಒಂದು ಚೂರಿನಲ್ಲಿ ಸುಮಾರು ಅಷ್ಟಿರುತ್ತದೆ. ಧಾನ್ಯವನ್ನು ತೊಳೆದು ಒಣಗಿಸಿ ಮನೆಯಲ್ಲೇ ಬೀಸಿಕೊಳ್ಳಿ, ಇಲ್ಲವೇ ಗೋಧಿ ಹಾಕದ ಮಿಷನ್ ಇರುವ ಗಿರಣಿ ಹುಡುಕಿ. ಅಂಗಡಿಯ ಹಿಟ್ಟಾದರೆ ಗ್ಲುಟೆನ್ ಫ್ರೀ ಅಂತ ಬರೆದಿರುವುದನ್ನೇ ತನ್ನಿ. ನಮ್ಮಲ್ಲಿ ಹಾಗೆ ಬರೆಯಬೇಕಾದರೆ ಕೆಜಿಗೆ 20 ಮಿಲಿಗ್ರಾಂ ಗ್ಲುಟೆನ್ ಮೀರಬಾರದು ಎಂಬ ನಿಯಮ ಇದೆ. ಜರಡಿ, ಲಟ್ಟಣಿಗೆ ಬೇರೆ ಇಟ್ಟುಕೊಳ್ಳಿ. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯಬೇಡಿ.

ನಮ್ಮ ಕಡೆ ತುಂಬ ಜನರಿಗೆ ಗೊತ್ತಿಲ್ಲದ ಇನ್ನೊಂದು ಜಾಗ ಇಂಗಿನ ಡಬ್ಬಿ. ಶುದ್ಧ ಇಂಗು ತೀರಾ ಖಾರ, ಹಾಗಾಗಿ ಹಿಟ್ಟು, ಗೋಂದು ಬೆರೆಸಿ ಮಾರುತ್ತಾರೆ. ಆ ಹಿಟ್ಟು ಎಷ್ಟೋ ಸಲ ಮೈದಾ ಅಥವಾ ಗೋಧಿ ಹಿಟ್ಟು. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದಿ. ಸಾರು, ಸಾಂಬಾರ್, ಉಪ್ಪಿನಕಾಯಿ, ಚಟ್ನಿಪುಡಿ ಎಲ್ಲಕ್ಕೂ ಇಂಗು ಬೀಳುತ್ತದಲ್ಲ? ಹೋಟೆಲಿನಲ್ಲಿ ಇಡ್ಲಿ ತಿನ್ನಬಹುದು, ಸಾಂಬಾರ್ ನಂಬುವ ಹಾಗಿಲ್ಲ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಅದನ್ನು ತನ್ನಿ. ಮಾಲ್ಟ್ ಪೌಡರ್, ಸೋಯಾ ಸಾಸ್, ಮಲ್ಟಿಗ್ರೇನ್ ಹಿಟ್ಟು, ಮಕ್ಕಳಿಗೆ ಮಾಡುವ ಹುರಿಹಿಟ್ಟು, ಇವನ್ನೂ ನೋಡಿಯೇ ಕೊಳ್ಳಬೇಕು.

ಕಷ್ಟ ಆಗುವುದು ಸಮಾರಂಭಗಳಲ್ಲಿ. ಸತ್ಯನಾರಾಯಣ ಪೂಜೆಯ ಸಪಾದಕ್ಕೆ ಹಾಕುವುದು ರವೆ, ಹೋಳಿಗೆಯ ಕಣಕ ಮೈದಾ. ‘ಪ್ರಸಾದ ಕಣಮ್ಮ, ಒಂದು ಚೂರು ತಗೋ, ಏನೂ ಆಗಲ್ಲ’ ಅನ್ನುವ ಅತ್ತೆಗೆ ಸೊಸೆ ಏನು ಹೇಳಬೇಕು? ನಾನು ಸಾಧ್ಯವಾದರೆ ಅತ್ತೆಯವರನ್ನೇ ಕರೆಸಿ ಮಾತಾಡುತ್ತೇನೆ. ಕರುಳಿನ ಚಿತ್ರ ತೋರಿಸಿದರೆ ಹೆಚ್ಚಿನವರಿಗೆ ಅರ್ಥವಾಗುತ್ತದೆ. ಮರುವಾರ ತಾವೇ ಸೊಸೆಗೆ ಬಾಳೆಹಣ್ಣು, ಕಲ್ಲುಸಕ್ಕರೆ ಪ್ರಸಾದ ತೆಗೆದಿಡುತ್ತಾರೆ.

ಸೀಲಿಯಾಕ್ ಒಂಟಿಯಾಗಿ ಬರುವುದು ಕಮ್ಮಿ ಅಂತ ನನ್ನ ಅನುಭವ. ರೋಗನಿರೋಧಕ ವ್ಯವಸ್ಥೆ ಹೀಗೇ ದೇಹದ ಮೇಲೆ ತಿರುಗಿ ಬೀಳುವ ಹಾಶಿಮೋಟೊ ಥೈರಾಯ್ಡ್ ಮತ್ತು ಟೈಪ್ 1 ಡಯಾಬಿಟಿಸ್ ಇದರ ಜೊತೆ ಆಗಾಗ ಕಾಣಿಸಿಕೊಳ್ಳುತ್ತವೆ. ಟೈಪ್ 1 ಇರುವ ನೂರು ಮಂದಿಯಲ್ಲಿ ಐದಾರು ಮಂದಿಗೆ ಸೀಲಿಯಾಕ್ ಕೂಡ ಇರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವ ಮಗುವಿಗೆ ಕಾರಣ ತಿಳಿಯದೆ ಮತ್ತೆ ಮತ್ತೆ ಸಕ್ಕರೆ ಕುಸಿಯುತ್ತಿದ್ದರೆ, ತಿಂದದ್ದು ಮೈಗೆ ಹತ್ತುತ್ತಿದೆಯಾ ಅಂತ ನೋಡಬೇಕು. ಅಂಥ ಮಗುವಿಗೆ ಗೋಧಿ ನಿಲ್ಲಿಸಿ ಬರೀ ಅನ್ನ ಕೊಟ್ಟರೆ ಸಕ್ಕರೆ ಏರುತ್ತದೆ. ಪಥ್ಯ ಶುರುವಾದ ದಿನದಿಂದಲೇ ಇನ್ಸುಲಿನ್ ಲೆಕ್ಕ ಡಾಕ್ಟರ್ ಜೊತೆ ಕೂತು ಹೊಸದಾಗಿ ಹಾಕಬೇಕು. ಕಾಳು, ತರಕಾರಿ ಜಾಸ್ತಿ ಮಾಡಬೇಕು.

ಥೈರಾಯ್ಡ್‌ನಲ್ಲೂ ಹೀಗೇ. ಮಾತ್ರೆ ಹೀರಿಕೊಳ್ಳುವುದು ಸಣ್ಣ ಕರುಳು. ಅದು ಹಾಳಾಗಿದ್ದರೆ ಡೋಸ್ ಏರಿಸುತ್ತಾ ಹೋದರೂ ಟಿಎಸ್‌ಎಚ್ (ಥೈರಾಯ್ಡ್ ಕಮ್ಮಿಯಾದಾಗ ರಕ್ತದಲ್ಲಿ ಏರುವ ಹಾರ್ಮೋನ್) ಇಳಿಯದೇ ಇರಬಹುದು. ಪಥ್ಯದಿಂದ ಕರುಳು ಸುಧಾರಿಸಿದಾಗ ಅದೇ ಡೋಸ್ ಕೆಲವರಿಗೆ ಜಾಸ್ತಿಯಾಗಿ ಎದೆ ಬಡಿತ, ಕೈ ನಡುಕ ಬರಬಹುದು. ಅದಕ್ಕೇ ಗೋಧಿ ಬಿಟ್ಟ ವಿಷಯವನ್ನು ಥೈರಾಯ್ಡ್ ಡಾಕ್ಟರಿಗೂ ಹೇಳಿ, ಟಿಎಸ್‌ಎಚ್ ಮತ್ತೆ ನೋಡಿಸಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಥೈರಾಯ್ಡ್ ಮಾತ್ರೆ ತೆಗೆದುಕೊಂಡು ನಾಲ್ಕು ಗಂಟೆ ಆದ ಮೇಲೆ ತೆಗೆದುಕೊಳ್ಳಿ. ಸೀಲಿಯಾಕ್ ಇರುವವರ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಿಗೂ ಒಮ್ಮೆ ಟಿಟಿಜಿ ಮಾಡಿಸಿ, ಅವರಿಗೆ ಯಾವ ತೊಂದರೆ ಇಲ್ಲದಿದ್ದರೂ ಸರಿ. ಆ ಪರೀಕ್ಷೆ ಮುಗಿಯುವ ತನಕ ಅವರು ಎಂದಿನಂತೆ ಗೋಧಿ ತಿನ್ನುತ್ತಿರಲಿ.