ಇವರಿಗಿಂತ ಮುಂಚೆ ಯಾರಿದ್ದರು?

ಫೋನ್ ಮಾಡಿದವರು ಯಾರೇ ಇರಲಿ, ಎರಡನೇ ನಿಮಿಷಕ್ಕೆ ಆ ಮಾತು ಬಂದೇ ಬರುತ್ತದೆ. "ಸಾರ್, ನಮ್ಮಲ್ಲಿ ಎಲ್ಲರೂ ಒಳ್ಳೆಯವರೇ. ಒಬ್ಬರಿಂದ ಮಾತ್ರ ತಲೆನೋವು."

ಅಪಾರ್ಟ್‌ಮೆಂಟ್ ಸಂಘದವರು ಹೀಗೇ ಹೇಳುತ್ತಾರೆ. ಪತ್ತಿನ ಸಹಕಾರ ಸಂಘದ ನಿರ್ದೇಶಕರು ಹೀಗೇ ಹೇಳುತ್ತಾರೆ. ಮೂವರು ಅಣ್ಣತಮ್ಮಂದಿರು ಸೇರಿ ನಡೆಸುವ ಬಟ್ಟೆ ಅಂಗಡಿಯಿಂದ ಇಬ್ಬರು ಒಟ್ಟಿಗೆ ಬಂದು, ಮೂರನೆಯವನ ಬಗ್ಗೆ ಹೀಗೇ ಹೇಳುತ್ತಾರೆ. ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ, ಆಮೇಲೆ ಸಂಘ ಸಂಸ್ಥೆಗಳ ಒಳಜಗಳ ಬಿಡಿಸುವ ಈ ಕೆಲಸದಲ್ಲಿ ಒಂಬತ್ತು ವರ್ಷ. ಕೇಳಿ ಕೇಳಿ ಸಾಕಾಗಿದೆ. ಎಷ್ಟೋ ಜನಕ್ಕೆ ನನ್ನಿಂದ ಬೇಕಿರುವುದು ಒಂದು ಸರ್ಟಿಫಿಕೇಟ್, ಅಷ್ಟೇ. ಹೊರಗಿನವರೊಬ್ಬರು ಬಂದು "ಹೌದು, ಆ ಮನುಷ್ಯನೇ ಸರಿಯಿಲ್ಲ" ಅಂದುಬಿಟ್ಟರೆ ಫೀಸು ಕೊಟ್ಟಿದ್ದಕ್ಕೂ ಸಾರ್ಥಕ.

ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. "ಸರಿ, ಇವರಿಗಿಂತ ಮುಂಚೆ ಯಾರಿದ್ದರು?"

ಯಾವ ಹುದ್ದೆಯಲ್ಲಿ ಅಂತ ಅವರಿಗೆ ಅರ್ಥವಾಗುವುದಿಲ್ಲ. ತಲೆನೋವಿನ ಹುದ್ದೆಯಲ್ಲಿ ಅನ್ನುತ್ತೇನೆ. ಆಗ ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿರುವುದಿಲ್ಲ.

2024ರ ಬೇಸಿಗೆ. ಬೆಂಗಳೂರಿನ ಬೋರ್‌ವೆಲ್‌ಗಳು ಕೈಕೊಟ್ಟು, ಟ್ಯಾಂಕರ್‌ನವರು ಹೇಳಿದ್ದೇ ರೇಟು ಅಂತಾಗಿತ್ತು. ಮಾರ್ಚ್‌ನಲ್ಲಿ ಜಿಲ್ಲಾಡಳಿತ ದರ ಕಟ್ಟಬೇಕಾಯಿತು. 5 ಕಿಲೋಮೀಟರ್ ಒಳಗಾದರೆ 12,000 ಲೀಟರ್ ಟ್ಯಾಂಕರ್‌ಗೆ 1,000 ರೂಪಾಯಿ. ಆ ದಿನಗಳಲ್ಲೇ ಊರ ದಕ್ಷಿಣದ ಒಂದು ಅಪಾರ್ಟ್‌ಮೆಂಟ್‌ನಿಂದ ನನಗೆ ಕರೆ ಬಂತು. ಅಲ್ಲಿನ ತಲೆನೋವಿಗೆ ಹೆಸರಿಲ್ಲ, ಮನೆ ನಂಬರ್ ಮಾತ್ರ. ಎಲ್ಲರ ಬಾಯಲ್ಲೂ "ತ್ರೀ ನಾಟ್ ಫೋರ್".

ತ್ರೀ ನಾಟ್ ಫೋರ್ ನಿವೃತ್ತ ಲೆಕ್ಕಾಧಿಕಾರಿ. ಬೆಳಿಗ್ಗೆ ಆರು ಗಂಟೆಗೆ ಟ್ಯಾಂಕರ್ ಬರುವ ಹೊತ್ತಿಗೆ ಮಫ್ಲರ್ ಸುತ್ತಿಕೊಂಡು ಸಂಪಿನ ಹತ್ತಿರ ನಿಂತಿರುತ್ತಿದ್ದರು. ಕೈಯಲ್ಲಿ ಗುರುತು ಹಾಕಿದ ಬಿದಿರು ಕೋಲು. ಸಂಪಿನ ಉದ್ದ 6 ಮೀಟರ್, ಅಗಲ 4 ಮೀಟರ್. 12,000 ಲೀಟರ್ ಬಿದ್ದರೆ ನೀರು ಅರ್ಧ ಮೀಟರ್ ಏರಬೇಕು. ಕೋಲು ತೋರಿಸಿದ್ದು 40 ಸೆಂಟಿಮೀಟರ್. ಅಂದರೆ ಬಂದಿದ್ದು 9,600 ಲೀಟರ್. "ಮೋಟಾರ್ ಓಡ್ತಾ ಇರುತ್ತಲ್ಲ ಅಂಕಲ್, ನೀರು ಮೇಲೆ ಹೋಗಿರುತ್ತೆ" ಅಂತ ಯಾರೋ ಹೇಳಿದರು. ಮರುದಿನ ಅವರು ಮೋಟಾರ್ ಆಫ್ ಮಾಡಿಸಿ ಅಳೆದರು. ಮತ್ತೆ 40. ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರು. ಒಂದಲ್ಲ, ಹನ್ನೊಂದು ಫೋಟೋ.

ಕಮಿಟಿಯವರ ದೂರು ನೀರಿನ ಬಗ್ಗೆ ಇರಲಿಲ್ಲ. ಹನ್ನೊಂದು ಫೋಟೋಗಳ ಬಗ್ಗೆ ಇತ್ತು.

ಸಭೆಗೆ ಹೋಗಿ ಕೂತೆ. ಕ್ಲಬ್‌ಹೌಸ್‌ನ ಟೇಬಲ್ ಟೆನಿಸ್ ಮೇಜನ್ನು ಗೋಡೆಗೆ ಒತ್ತಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ತ್ರೀ ನಾಟ್ ಫೋರ್ ಎದ್ದು ನಿಂತಿದ್ದೇ ತಡ, ಅರ್ಧ ಜನ ಮೊಬೈಲ್ ನೋಡಲು ಶುರು ಮಾಡಿದರು. ಅವರ ದನಿ ಏರಿತು. ಅಧ್ಯಕ್ಷರು ಗಡಿಯಾರ ನೋಡಿದರು. ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕರು. "ಮುಂದಿನ ವಿಷಯಕ್ಕೆ ಹೋಗೋಣ, ಎಲ್ಲರೂ ಒಪ್ಪಿದ ಹಾಗೆ ಅಲ್ವಾ?" ಯಾರೂ ಏನೂ ಅನ್ನಲಿಲ್ಲ. ನಡಾವಳಿ ಪುಸ್ತಕದಲ್ಲಿ "ಸರ್ವಾನುಮತದಿಂದ" ಅಂತ ಬರೆದಾಯಿತು.

ನಂತರ ಬೇಸ್‌ಮೆಂಟಿನಲ್ಲಿ ಖಜಾಂಚಿ ನನ್ನ ಕಾರಿನ ತನಕ ಬಂದರು. ಸುತ್ತ ನೋಡಿ ದನಿ ತಗ್ಗಿಸಿ ಹೇಳಿದರು. "ಲೆಕ್ಕ ನನಗೂ ಕೂಡಲ್ಲ ಸಾರ್. ಆದ್ರೆ ಟ್ಯಾಂಕರ್‌ನವನು ಸಿಟ್ಟು ಮಾಡ್ಕೊಂಡು ನಾಳೆಯಿಂದ ಬರಲ್ಲ ಅಂದ್ರೆ? ಈ ಟೈಮಲ್ಲಿ ಇನ್ನೊಬ್ಬನ್ನ ಎಲ್ಲಿ ಹುಡುಕ್ಲಿ?" ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದರು. "ಕೋಲು ಹಾಕಿ ನೋಡಿ ಅಂತ ಅವರಿಗೆ ಹೇಳಿದ್ದೇ ನಾನು."

ಅಲ್ಲಿಗೆ ನನ್ನ ಅರ್ಧ ಕೆಲಸ ಮುಗಿದಿತ್ತು. ಮಿಕ್ಕ ಅರ್ಧಕ್ಕೆ ಕಾರ್ಯದರ್ಶಿಯವರ ಹತ್ತಿರ ಅದೇ ಪ್ರಶ್ನೆ ಕೇಳಿದೆ. ಇವರಿಗಿಂತ ಮುಂಚೆ? ಎರಡನೇ ಮಹಡಿಯ ಒಬ್ಬ ಹುಡುಗಿ, ಜನರೇಟರ್ ಡೀಸೆಲ್ ಲೆಕ್ಕ ಕೇಳುತ್ತಿದ್ದಳಂತೆ. ಬೇಜಾರಾಗಿ ಮನೆ ಖಾಲಿ ಮಾಡಿ ಹೋದಳು. ಅದಕ್ಕೂ ಮುಂಚೆ? ಬಿಲ್ಡರ್ ಸಂಘಕ್ಕೆ ಕೊಡಬೇಕಿದ್ದ ದುಡ್ಡಿನ ಬಗ್ಗೆ ಪತ್ರ ಬರೆಯುತ್ತಿದ್ದ ಒಬ್ಬರು. "ಆದ್ರೆ ಅವರೆಲ್ಲ ಬೇರೆ ತರಹ ಸಾರ್" ಅಂದರು ಕಾರ್ಯದರ್ಶಿ. ಹೌದು, ಬೇರೆ ಬೇರೆ ತರಹದ ಮೂರು ಜನ. ಐದು ವರ್ಷ, ಒಂದೇ ಕುರ್ಚಿ.

ಇಲ್ಲೇ ಎಲ್ಲರೂ ಎಡವುವುದು. ಹಾಗಾಗಿ ನಿಧಾನಕ್ಕೆ ಹೇಳುತ್ತೇನೆ, ಗೊತ್ತಿದ್ದವರು ತಾಳ್ಮೆಯಿಂದ ಓದಿ.

ಗುಂಪಿನಲ್ಲಿ ಒಬ್ಬರು ಪದೇ ಪದೇ ಒಂದೇ ಮಾತು ಎತ್ತಿದರೆ, ಅದು ಅವರ ಹುಟ್ಟುಗುಣ ಅಂತ ನಾವು ಷರಾ ಬರೆದುಬಿಡುತ್ತೇವೆ. ಗುಣವೂ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದೇ ಮಾತು ಉಳಿದವರ ಹೊಟ್ಟೆಯಲ್ಲೂ ಇರುತ್ತದೆ. ಅವರಿಗೆ ಅದನ್ನು ಆಡಲು ಭಯ, ಸಂಕೋಚ, ಇಲ್ಲವೇ ಬಿಡುವಿಲ್ಲ. ಆಡುವವರೊಬ್ಬರು ಸಿಕ್ಕರೆ ಎಲ್ಲರಿಗೂ ಹಗುರ. "ನೀವೇ ಕೇಳಿ ಸಾರ್, ನೀವು ಕೇಳಿದ್ರೆ ಚೆನ್ನಾಗಿರುತ್ತೆ" ಅಂತ ಲಿಫ್ಟಿನಲ್ಲಿ ಉಬ್ಬಿಸಿ ಕಳಿಸುತ್ತಾರೆ. ಅವರು ಸಭೆಯಲ್ಲಿ ಕೇಳಿದಾಗ ಮೊಬೈಲ್ ನೋಡುತ್ತಾರೆ. ಆ ಮನುಷ್ಯನಿಗೆ ಏನಾಗುತ್ತಿದೆ ಅಂತ ತಿಳಿಯುವುದಿಲ್ಲ. ಹತ್ತು ಜನ ನನ್ನ ಹಿಂದಿದ್ದಾರೆ ಅಂದುಕೊಂಡು ಎದ್ದು ನಿಂತಿರುತ್ತಾರೆ, ತಿರುಗಿ ನೋಡಿದರೆ ಯಾರೂ ಇಲ್ಲ. ದನಿ ಏರದೆ ಇನ್ನೇನಾಗುತ್ತದೆ? ದನಿ ಏರಿದ ಕೂಡಲೇ "ನೋಡಿದ್ರಾ, ನಾವು ಹೇಳಿರಲಿಲ್ವಾ?"

ಇನ್ನೊಂದು ಸಲ ಹೇಳುತ್ತೇನೆ. ಇದು ಬಾಡಿಗೆ ಮನೆ ಇದ್ದ ಹಾಗೆ. ಬಾಡಿಗೆದಾರ ಬಿಟ್ಟುಹೋದ ಅಂತ ಮನೆ ಬಿದ್ದುಹೋಗುವುದಿಲ್ಲ. ಟು-ಲೆಟ್ ಬೋರ್ಡು ನೇತಾಡುತ್ತಿರುತ್ತದೆ. ಯಾರೂ ಆಡದ ಆ ಮಾತು ಇರುವ ತನಕ, ಆರು ತಿಂಗಳಿಗೋ ವರ್ಷಕ್ಕೋ ಇನ್ನೊಬ್ಬರು ಪೆಟ್ಟಿಗೆ ಗಂಟು ಹೊತ್ತುಕೊಂಡು ಬರುತ್ತಾರೆ. ಎಷ್ಟೋ ಸಲ ಹಾಗೆ ಬರುವವರು ಅಲ್ಲಿಯವರೆಗೆ ತುಟಿ ಬಿಚ್ಚದವರು. ಆಗ ನನಗೆ ಎರಡನೇ ಫೋನ್. "ಸಾರ್, ಈಗ ಇನ್ನೊಬ್ಬರು ಶುರು ಮಾಡಿದಾರೆ!"

ಇದನ್ನೇನು ನಾನು ಕಂಡುಹಿಡಿದಿದ್ದಲ್ಲ. 1951ರಲ್ಲಿ ಅಮೆರಿಕದ ಸ್ಟಾನ್ಲಿ ಶಾಕ್ಟರ್ ಅನ್ನುವ ಮನೋವಿಜ್ಞಾನಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳನ್ನು ಸಣ್ಣ ಸಣ್ಣ ಕ್ಲಬ್‌ಗಳಾಗಿ ಕೂರಿಸಿ, ದಾರಿ ತಪ್ಪಿದ ಒಬ್ಬ ಹುಡುಗನ ಕಥೆ ಕೊಟ್ಟು, ಅವನಿಗೆ ಪ್ರೀತಿ ತೋರಿಸಬೇಕೋ ಶಿಕ್ಷೆ ಕೊಡಬೇಕೋ ಚರ್ಚಿಸಿ ಅಂದರು. ಪ್ರತಿ ಕ್ಲಬ್‌ನಲ್ಲೂ ಅವರದೇ ಮೂವರು ಗುಟ್ಟಾಗಿ ಸೇರಿದ್ದರು. ಒಬ್ಬ ಎಲ್ಲರ ಜೊತೆಗೆ. ಒಬ್ಬ ಮೊದಲು ವಿರುದ್ಧ, ಆಮೇಲೆ ಒಪ್ಪಿಕೊಳ್ಳುವವನು. ಇನ್ನೊಬ್ಬ ಕೊನೆಯವರೆಗೂ ವಿರುದ್ಧ. ಮೊದಮೊದಲು ಎಲ್ಲರ ಮಾತೂ ಈ ಮೂರನೆಯವನ ಕಡೆಗೇ. ಹೇಗಾದರೂ ದಾರಿಗೆ ತರಬೇಕಲ್ಲ. ಒಗ್ಗಟ್ಟು ಜಾಸ್ತಿಯಿದ್ದ ಗುಂಪುಗಳಲ್ಲಿ, ಅವನನ್ನು ಕೈಬಿಟ್ಟವರು ಬರಬರುತ್ತಾ ಅವನ ಜೊತೆ ಮಾತನ್ನೂ ಕಡಿಮೆ ಮಾಡಿದರು. ಕೊನೆಗೆ ಕ್ಲಬ್‌ನ ಸಮಿತಿಗಳಿಗೆ ಹೆಸರು ಸೂಚಿಸಿ ಅಂದಾಗ, ಮುಖ್ಯ ಸಮಿತಿಗಳಿಂದ ಅವನನ್ನು ದೂರವಿಟ್ಟು, ಯಾರಿಗೂ ಬೇಡವಾದ ಪತ್ರವ್ಯವಹಾರದ ಸಮಿತಿಗೆ ತಳ್ಳಿದರು.

ಇದನ್ನು ಓದಿದಾಗ ನನಗೆ ನಗು ತಡೆಯಲಾಗಲಿಲ್ಲ. ತ್ರೀ ನಾಟ್ ಫೋರ್ ಅವರನ್ನು ಕಮಿಟಿಯವರು ಆಗಲೇ ಗಣೇಶೋತ್ಸವದ ಪೆಂಡಾಲ್ ಉಸ್ತುವಾರಿಗೆ ಹಾಕಿದ್ದರು.

ಹಾಗಂತ ಅವರು ಸಂತರೇನಲ್ಲ. ಕೋಲು ಹಿಡಿದು ನಿಲ್ಲುವುದರಲ್ಲಿ ಅವರಿಗೂ ಒಂದು ಖುಷಿಯಿತ್ತು. ರಿಟೈರ್ ಆದಮೇಲೆ ಯಾರೂ ಕೇಳುವವರಿರಲಿಲ್ಲ, ಈಗ ಇಡೀ ಅಪಾರ್ಟ್‌ಮೆಂಟ್ ಅವರ ಮಾತೇ ಆಡುತ್ತಿತ್ತು. ಗುಂಪುಗಳ ಬಗ್ಗೆ ಆಳವಾಗಿ ಕೆಲಸ ಮಾಡಿದ ಮನೋವೈದ್ಯ ವಿಲ್ಫ್ರೆಡ್ ಬಿಯಾನ್ (ಹುಟ್ಟಿದ್ದು 1897ರಲ್ಲಿ, ನಮ್ಮ ಮಥುರಾದಲ್ಲೇ) ಇಂಥದ್ದಕ್ಕೆ ಕೆಮಿಸ್ಟ್ರಿಯಿಂದ "ವೇಲೆನ್ಸಿ" ಅನ್ನುವ ಪದ ಎರವಲು ತಂದರು. ಗುಂಪಿನ ಒಳಗುದಿಗೆ ಅಂಟಿಕೊಳ್ಳುವ ಗುಣ ಒಬ್ಬೊಬ್ಬರಲ್ಲಿ ಒಂದೊಂದು ಮಟ್ಟದಲ್ಲಿರುತ್ತದೆ. ನನ್ನ ಭಾಷೆಯಲ್ಲಿ ಹೇಳುವುದಾದರೆ, ಗುಂಪು ಕೆರೆದುಕೊಳ್ಳಲು ಕೈ ಹುಡುಕುತ್ತಿರುತ್ತದೆ, ಇವರ ಕೈಗೆ ಮೊದಲೇ ತುರಿಕೆ ಇರುತ್ತದೆ.

ಇನ್ನು ಎಚ್ಚರಿಕೆಯ ಮಾತು. ಇದನ್ನು ಬಿಟ್ಟರೆ ನಾಳೆ ಯಾರಾದರೂ ನನ್ನ ಹೆಸರು ಹೇಳಿಕೊಂಡು ತಪ್ಪಿತಸ್ಥರನ್ನು ಕಾಪಾಡುತ್ತಾರೆ. ಕೆಲವು ಸಲ ಒಬ್ಬ ಮನುಷ್ಯನೇ ನಿಜಕ್ಕೂ ಸಮಸ್ಯೆ. ಸಂಘದ ದುಡ್ಡು ತಿಂದವನ ವಿಷಯದಲ್ಲಿ "ಇದು ಗುಂಪಿನ ಸಮಸ್ಯೆ" ಅಂತ ರಾಗ ಎಳೆಯಬಾರದು. ಅದಕ್ಕೆ ಆಡಿಟ್ ಇದೆ, ಸಹಕಾರ ಸಂಘವಾದರೆ 1959ರ ಕಾಯ್ದೆಯ ಕಲಂ 64ರ ವಿಚಾರಣೆ ಇದೆ. ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಕೊಟ್ಟವನ ವಿಷಯದಲ್ಲೂ ಅಷ್ಟೇ. 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು, ದೂರು ಹೋಗಬೇಕಾದ್ದು ಅಲ್ಲಿಗೆ, ನನ್ನಂಥವರ ಹತ್ತಿರಕ್ಕಲ್ಲ. ನಾನು ನೋಡುವುದು ಇಷ್ಟು: ಆ ವ್ಯಕ್ತಿ ಏನಾದರೂ ಮಾಡಿದ್ದಾರಾ, ಇಲ್ಲ ಬರೀ ಹೇಳುತ್ತಿದ್ದಾರಾ? ಎರಡೂ ಇದ್ದರೆ ಕಷ್ಟ. ಅಂಥ ಕಡೆ ನಾನೂ ಎಡವಿದ್ದೇನೆ, ಹಾಗಾಗಿ ಒಂದೇ ದಿನದಲ್ಲಿ ಅಭಿಪ್ರಾಯ ಕೊಡುವುದಿಲ್ಲ.

ಆ ಅಪಾರ್ಟ್‌ಮೆಂಟಿನಲ್ಲಿ ಮಾಡಿದ್ದು ದೊಡ್ಡದೇನಲ್ಲ. ಮುಂದಿನ ಸಭೆಗೆ ಮುಂಚೆ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ನೀರಿನ ಬಗ್ಗೆ ಒಂದು ಪ್ರಶ್ನೆ ಬರೆಯಿರಿ, ಹೆಸರು ಬೇಡ ಅಂದೆವು. ಅಧ್ಯಕ್ಷರು ಕೊನೆಗೆ ಮಾತಾಡಬೇಕು ಅಂತ ಮೊದಲೇ ಒಪ್ಪಿಸಿದ್ದೆ, ಅದಕ್ಕೇ ಅರ್ಧ ದಿನ ಹಿಡಿಯಿತು. ಮೂವತ್ತೊಂದು ಚೀಟಿ ಬಂದವು. ಹತ್ತೊಂಬತ್ತರಲ್ಲಿ ಟ್ಯಾಂಕರ್ ಅಳತೆಯದೇ ಪ್ರಶ್ನೆ. ಓದುತ್ತಾ ಹೋದಂತೆ ಕೋಣೆ ತಣ್ಣಗಾಯಿತು. ಖಜಾಂಚಿ ಎದ್ದು, ಟ್ಯಾಂಕರ್‌ನವನು ಬಿಟ್ಟುಹೋದರೆ ಅನ್ನುವ ಭಯವನ್ನು ಮೊದಲ ಸಲ ಎಲ್ಲರ ಮುಂದೆ ಹೇಳಿದರು. ಅಲ್ಲಿಂದ ಮಾತು ಎರಡನೇ ಟ್ಯಾಂಕರ್‌ನವರನ್ನು ಗೊತ್ತು ಮಾಡುವ ಕಡೆಗೆ ಹೋಯಿತು. ತ್ರೀ ನಾಟ್ ಫೋರ್ ಅವತ್ತು ಒಂದು ಮಾತೂ ಆಡಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಮುಖ ಸಣ್ಣ ಮಾಡಿಕೊಂಡೇ ಕೂತಿದ್ದರು.

ಈ ಪ್ರಶ್ನೆ ಕೇಳುವುದನ್ನು ನಾನು ಕಲಿತಿದ್ದು ನನ್ನದೇ ತಪ್ಪಿನಿಂದ. ತೊಂಬತ್ತರ ದಶಕದ ಕೊನೆ, ಪೀಣ್ಯದ ಒಂದು ಕಾರ್ಖಾನೆ. ಪವರ್ ಪ್ರೆಸ್ ಓಡಬೇಕಾದರೆ ಎರಡು ಕೈಯಲ್ಲಿ ಎರಡು ಬಟನ್ ಒತ್ತಬೇಕು. ಕೈ ಒಳಗೆ ಸಿಕ್ಕಿಕೊಳ್ಳಬಾರದು ಅಂತ ಆ ವ್ಯವಸ್ಥೆ. ಟಾರ್ಗೆಟ್ ಮುಟ್ಟಿಸಲು ಹುಡುಗರು ಒಂದು ಬಟನ್‌ಗೆ ಬಟ್ಟೆ ತುರುಕಿ ಟೇಪ್ ಸುತ್ತಿಬಿಡುತ್ತಿದ್ದರು. ಸೂಪರ್‌ವೈಸರ್‌ಗಳಿಗೆ ಗೊತ್ತಿತ್ತು, ನೋಡದ ಹಾಗಿದ್ದರು. ಒಬ್ಬ ಫಿಟ್ಟರ್ ಮಾತ್ರ ಪ್ರತಿ ಸೋಮವಾರದ ಮೀಟಿಂಗಿನಲ್ಲೂ ಅದನ್ನೇ ಎತ್ತಿ ಕೂಗಾಡುತ್ತಿದ್ದ. ಲೈನ್ ಲೀಡರ್ ಒಬ್ಬರು ನನ್ನ ಹತ್ತಿರ ಬಂದು, ಇವನೊಬ್ಬನನ್ನು ಎತ್ತಂಗಡಿ ಮಾಡಿ ಸಾರ್, ಮಿಕ್ಕವರನ್ನು ನಾನು ನೋಡ್ಕೋತೀನಿ ಅಂದರು. ನಾನು ಫೈಲಿನಲ್ಲಿ "ಸಹೋದ್ಯೋಗಿಗಳೊಂದಿಗೆ ಹೊಂದಿಕೊಳ್ಳುವುದಿಲ್ಲ" ಅಂತ ಬರೆದು, ಅವನನ್ನು ಸ್ಟೋರ್ಸ್‌ಗೆ ಹಾಕಿಸಿದೆ. ನಮ್ಮ ಪತ್ರವ್ಯವಹಾರದ ಸಮಿತಿ ಅದು.

ಐದು ತಿಂಗಳಾದ ಮೇಲೆ ಅದೇ ಲೈನ್ ಲೀಡರ್ ನನ್ನ ರೂಮಿಗೆ ಬಂದು ಬಾಗಿಲು ಹಾಕಿಕೊಂಡರು. ಕೂರಿ ಅಂದರೂ ಕೂರಲಿಲ್ಲ. "ಸಾರ್, ಆ ಬಟನ್ ವಿಷಯ... ನನಗೆ ರಾತ್ರಿ ನಿದ್ದೆ ಬರ್ತಿಲ್ಲ."

ಅವತ್ತು ಮಧ್ಯಾಹ್ನ ಸ್ಟೋರ್ಸ್‌ಗೆ ನಡೆದುಕೊಂಡು ಹೋದೆ. ಫಿಟ್ಟರ್ ಬೋಲ್ಟ್‌ಗಳನ್ನು ಸೈಜಿನ ಪ್ರಕಾರ ಡಬ್ಬಿಗೆ ಹಾಕುತ್ತಿದ್ದ. ಸ್ಟೂಲು ಒರೆಸಿ ಕೊಟ್ಟ, ಟೀ ತರಿಸಿದ. ಕ್ಷಮೆ ಕೇಳಬೇಕು ಅಂತ ಹೋಗಿದ್ದವನು ಹವಾಮಾನದ ಬಗ್ಗೆ ಏನೋ ಮಾತಾಡಿದೆ. ಅವನೇ ಡಬ್ಬಿಯ ಮುಚ್ಚಳ ಹಾಕುತ್ತಾ ಕೇಳಿದ.

"ಈಗ ಯಾರು ಹೇಳ್ತಿದಾರೆ ಸಾರ್?"