ಇಂಜಿನ್ ರೆಡಿ ಇದೆ, ಓಡಿಸುವುದೆಲ್ಲಿ?

ಮೈಸೂರಿನ ರೈಲು ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋದರೆ ಒಂದು ಪ್ರಶ್ನೆ ತಪ್ಪುವುದಿಲ್ಲ. ಕಲ್ಲಿದ್ದಲು ಇಂಜಿನ್ ಮುಂದೆ ನಿಂತು, "ಇದು ಈಗಲೂ ಓಡುತ್ತಾ?" ಎಂದು ಕೇಳಿಯೇ ಕೇಳುತ್ತಾರೆ. "ಇಲ್ಲ ಪುಟ್ಟಾ, ಹಳೇದು" ಎಂದು ನಾವು ಮುಂದೆ ಹೋಗುತ್ತೇವೆ. ನಿಜ ಹೇಳಬೇಕೆಂದರೆ, ದುಡ್ಡು, ಕೆಲಸ ಗೊತ್ತಿರುವ ಕೈ, ತಾಳ್ಮೆ ಇವು ಮೂರೂ ಇದ್ದರೆ ನೂರು ವರ್ಷದ ಇಂಜಿನ್ ಕೂಡ ಮತ್ತೆ ಹಬೆ ಬಿಡುತ್ತದೆ. ಕಷ್ಟದ ಪ್ರಶ್ನೆ ಬರುವುದು ಆಮೇಲೆ. ಅದನ್ನು ಎಲ್ಲಿ ಓಡಿಸುವುದು?

ಊಟಿ ರೈಲು ಇದೆಯಲ್ಲ ಎನ್ನಬಹುದು. ಮೆಟ್ಟುಪಾಳ್ಯದಿಂದ ಕೂನೂರಿನವರೆಗೆ ಘಟ್ಟ ಹತ್ತಿಸುವ ಉಗಿ ಇಂಜಿನ್ ನಮಗೆಲ್ಲ ಗೊತ್ತು. ಆದರೆ ಅದು ಅದರದೇ ಹಳಿ. ಹಿಂದಿನಿಂದ ಶತಾಬ್ದಿ ಬಂದು ದಾರಿ ಕೇಳುವುದಿಲ್ಲ. ಮುಖ್ಯಮಾರ್ಗದಲ್ಲಿ ಹಾಗಲ್ಲ. ಅಲ್ಲಿ ವೇಗದ ರೈಲು, ಗೂಡ್ಸ್, ಲೋಕಲ್ ಎಲ್ಲವೂ ಒಂದೇ ಹಳಿಯಲ್ಲಿ ಓಡಬೇಕು. ಅವುಗಳ ನಡುವೆ ಒಂದು ಹಳೇ ಉಗಿ ಇಂಜಿನ್ನಿಗೆ ಜಾಗ ಕೊಡುವುದು ಬೇರೆಯೇ ಮಾತು.

ಈ ಜಾಗಕ್ಕಾಗಿ ಬಹಳ ದೊಡ್ಡ ಜಗ್ಗಾಟ ನಡೆದಿದ್ದು ಬ್ರಿಟನ್ನಿನಲ್ಲಿ. ಉಗಿ ರೈಲು ಹುಟ್ಟಿದ ನಾಡೇ ಅದನ್ನು ಒಂದು ದಿನ ತನ್ನ ಹಳಿಯಿಂದ ಇಳಿಸಿ, ಬಾಗಿಲು ಹಾಕಿಕೊಂಡಿತು.

ಆ ದಿನ 1968ರ ಆಗಸ್ಟ್ 11. ಬ್ರಿಟಿಷ್ ರೈಲ್ವೆಯ ಕೊನೆಯ ಉಗಿ ಪ್ರಯಾಣಿಕ ರೈಲು ಲಿವರ್‌ಪೂಲ್‌ನಿಂದ ಮ್ಯಾಂಚೆಸ್ಟರ್ ದಾಟಿ ಕಾರ್ಲೈಲ್‌ಗೆ ಹೋಗಿ ಬಂತು. ಟಿಕೆಟ್ ಬೆಲೆ 15 ಗಿನಿ, ಅಂದರೆ 15 ಪೌಂಡ್ 15 ಶಿಲಿಂಗ್. ಅಂದಿನ ಲೆಕ್ಕದಲ್ಲಿ ತುಂಬಾ ಜಾಸ್ತಿ. ಆದರೂ ರೈಲು ತುಂಬಿತ್ತು, ದಾರಿಯುದ್ದಕ್ಕೂ ಜನ ಸೇರಿದ್ದರು. ಮರುದಿನದಿಂದಲೇ ನಿಷೇಧ. ಸ್ವಂತ ದುಡ್ಡಿನಲ್ಲಿ ಇಂಜಿನ್ ಕೊಂಡು ಉಳಿಸಿಕೊಂಡವರೂ ಅದನ್ನು ಮುಖ್ಯಮಾರ್ಗಕ್ಕೆ ತರುವ ಹಾಗಿಲ್ಲ.

ಇಷ್ಟು ಗಡಿಬಿಡಿ ಯಾಕೆ? ರೈಲ್ವೆಯನ್ನು ಹೊಸದಾಗಿಸುವ ಯೋಜನೆ 1955ರಲ್ಲೇ ಬಂದಿತ್ತು. ಉಗಿ ಹೋಗಿ ಡೀಸೆಲ್, ವಿದ್ಯುತ್ ಬರಬೇಕಿತ್ತು. ವಿಚಿತ್ರ ನೋಡಿ, ರೈಲ್ವೆಯ ಕೊನೆಯ ಉಗಿ ಇಂಜಿನ್ 'ಈವ್ನಿಂಗ್ ಸ್ಟಾರ್' ಸ್ವಿಂಡನ್ ಕಾರ್ಖಾನೆಯಿಂದ ಹೊರಬಂದಿದ್ದು 1960ರಲ್ಲಿ. 1965ಕ್ಕೆ ಅದನ್ನು ಸೇವೆಯಿಂದ ತೆಗೆದರು. ದಶಕಗಟ್ಟಲೆ ದುಡಿಯಬಲ್ಲ ಇಂಜಿನ್ನಿಗೆ ಸಿಕ್ಕಿದ್ದು ಐದೇ ವರ್ಷ. ಉಗಿ ಕಣ್ಣಿಗೆ ಬಿದ್ದರೆ ರೈಲ್ವೆ ಹಳೆಯದು ಎಂಬ ಭಾವನೆ ಉಳಿಯುತ್ತದೆ ಎಂಬ ಅಳುಕು ಆಡಳಿತಕ್ಕಿತ್ತು. ಜೊತೆಗೆ ಒಂದು ಗಟ್ಟಿ ಕಾರಣವೂ ಇತ್ತು. ಇಂಜಿನ್ ಶೆಡ್‌ಗಳು, ಇಂಜಿನ್ನಿಗೆ ನೀರು ತುಂಬಿಸುವ ಕಂಬಗಳು, ಇಂಜಿನ್ ತಿರುಗಿಸುವ ಟರ್ನ್‌ಟೇಬಲ್‌ಗಳು ಒಂದೊಂದಾಗಿ ಹೋಗುತ್ತಿದ್ದವು. ಇವಿಲ್ಲದೆ ಉಗಿ ಇಂಜಿನ್ ಕೈಕಾಲು ಕಟ್ಟಿಹಾಕಿದ ಹಾಗೆ.

ನಿಷೇಧದಿಂದ ತಪ್ಪಿಸಿಕೊಂಡಿದ್ದು ಒಂದೇ ಇಂಜಿನ್, 'ಫ್ಲೈಯಿಂಗ್ ಸ್ಕಾಟ್ಸ್‌ಮನ್'. ಉದ್ಯಮಿ ಅಲನ್ ಪೆಗ್ಲರ್ ಅದನ್ನು 1963ರಲ್ಲಿ 3,000 ಪೌಂಡ್‌ಗೆ ಕೊಂಡಾಗಲೇ, ಮುಖ್ಯಮಾರ್ಗದಲ್ಲಿ ಓಡಿಸಲು ರೈಲ್ವೆಯಿಂದ ಕರಾರು ಬರೆಸಿಕೊಂಡಿದ್ದರು. ನೀರಿನ ಕಂಬಗಳು ಮಾಯವಾಗುತ್ತಿದ್ದುದನ್ನು ಕಂಡು, 1966ರಲ್ಲಿ ಇನ್ನೊಂದು ಟೆಂಡರ್ (ಇಂಜಿನ್ನಿನ ಹಿಂದೆ ನೀರು, ಕಲ್ಲಿದ್ದಲು ಹೊರುವ ಬಂಡಿ) ಕೊಂಡು ನೀರಿಗೆಂದೇ ಹಿಂದೆ ಜೋಡಿಸಿದರು. 1968ರ ಮೇ 1ರಂದು ಈ ಇಂಜಿನ್ ಲಂಡನ್‌ನಿಂದ ಎಡಿನ್‌ಬರೋವರೆಗೆ, ಸುಮಾರು 630 ಕಿಲೋಮೀಟರ್, ಎಲ್ಲೂ ನಿಲ್ಲದೆ ಹೋಯಿತು. ಮರುವರ್ಷ ಅದು ಅಮೆರಿಕಕ್ಕೆ ಹೊರಟಿತು. ಆ ಪ್ರವಾಸದ ಖರ್ಚಿಗೆ ಪೆಗ್ಲರ್ ದಿವಾಳಿಯಾದರು. ಇತ್ತ ಬ್ರಿಟನ್ನಿನ ಮುಖ್ಯಮಾರ್ಗದಲ್ಲಿ ಒಂದೂ ಉಗಿ ಇಂಜಿನ್ ಉಳಿಯಲಿಲ್ಲ.

ಹಾಗಂತ ಜನ ಸುಮ್ನೆ ಕೂರಲಿಲ್ಲ. ದಕ್ಷಿಣ ವೇಲ್ಸ್‌ನ ಬ್ಯಾರಿ ಎಂಬ ಊರಿನಲ್ಲಿ ವುಡ್‌ಹ್ಯಾಮ್ ಅವರ ಗುಜರಿ ಅಂಗಳವಿತ್ತು. ನೂರಾರು ಇಂಜಿನ್‌ಗಳು ಅಲ್ಲಿ ತುಕ್ಕು ಹಿಡಿದು ಸಾಲಾಗಿ ನಿಂತಿದ್ದವು. ಮಾಲೀಕರು ಹಳೇ ವ್ಯಾಗನ್‌ಗಳನ್ನು ಮೊದಲು ಒಡೆಯುತ್ತಾ ಇಂಜಿನ್‌ಗಳನ್ನು ಆಮೇಲಕ್ಕೆ ಬಿಟ್ಟಿದ್ದರು. ನಿಷೇಧ ಬಂದ ಮರುತಿಂಗಳೇ, 1968ರ ಸೆಪ್ಟೆಂಬರಿನಲ್ಲಿ, ಮೊದಲ ಇಂಜಿನ್ ಅಲ್ಲಿಂದ ಪಾರಾಯಿತು. ಮುಂದಿನ ಎರಡು ದಶಕದಲ್ಲಿ ಒಟ್ಟು 213 ಇಂಜಿನ್‌ಗಳನ್ನು ಉಳಿಸಿಕೊಂಡರು. ಚಂದಾ ಎತ್ತಿ, ರಜಾದಿನಗಳಲ್ಲಿ ಮೈಗೆ ಗ್ರೀಸ್ ಹಚ್ಚಿಕೊಂಡು ದುಡಿದ ಸಾಮಾನ್ಯ ಜನರ ಕೆಲಸ ಇದು. ಉಗಿ ರೈಲಿನ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗವೂ ಇದೇ.

ಆದರೆ ಉಳಿಸಿಕೊಂಡ ಇಂಜಿನ್‌ಗಳು ಓಡಿದ್ದು ಪುಟ್ಟ ಹಳಿಗಳಲ್ಲಿ. ಸರ್ಕಾರ ಮುಚ್ಚಿದ್ದ ಕವಲು ಮಾರ್ಗಗಳನ್ನು ಉತ್ಸಾಹಿಗಳು ಕೊಂಡು ನಡೆಸುತ್ತಿದ್ದರು. ಅಲ್ಲಿ ವೇಗದ ಮಿತಿ ಗಂಟೆಗೆ 25 ಮೈಲಿ, ಅಂದರೆ 40 ಕಿಲೋಮೀಟರ್. ಎಕ್ಸ್‌ಪ್ರೆಸ್ ಎಳೆಯಲೆಂದು ಕಟ್ಟಿದ ಇಂಜಿನ್ನಿಗೆ ಅದು ಅಂಗಳದಲ್ಲಿ ಅಡ್ಡಾಡಿದ ಹಾಗಷ್ಟೇ. ಅದರ ನಿಜವಾದ ಸದ್ದು ಕೇಳಬೇಕಾದರೆ ಉದ್ದನೆಯ ಏರು ಬೇಕು, ಹಿಂದೆ ಹನ್ನೆರಡು ಬೋಗಿಯ ಭಾರ ಬೇಕು.

ಬಾಗಿಲು ತೆರೆಸಿದ್ದು ಹೆರೆಫರ್ಡ್‌ನ ಒಂದು ಸೈಡರ್ ಕಂಪನಿ. ಸೈಡರ್ ಎಂದರೆ ಸೇಬಿನ ಮದ್ಯ. ಬಲ್ಮರ್ಸ್ ಎಂಬ ಆ ಕಂಪನಿಯ ಆಶ್ರಯದಲ್ಲಿ 1927ರ 'ಕಿಂಗ್ ಜಾರ್ಜ್ 5' ಇಂಜಿನ್ ಮತ್ತೆ ಓಡುವ ಸ್ಥಿತಿಗೆ ಬಂದಿತ್ತು. 1971ರ ಅಕ್ಟೋಬರಿನಲ್ಲಿ ಬ್ರಿಟಿಷ್ ರೈಲ್ವೆ ಅದಕ್ಕೆ ಪ್ರಯೋಗವಾಗಿ ಕೆಲವು ದಿನದ ಓಡಾಟಕ್ಕೆ ಒಪ್ಪಿತು. ಏನೂ ಅನಾಹುತವಾಗಲಿಲ್ಲ. ಜನರಂತೂ ಮುಗಿಬಿದ್ದು ಬಂದರು.

1972ರಲ್ಲಿ ರೈಲ್ವೆಯೇ ಒಂದು ಪಟ್ಟಿ ಮಾಡಿತು. ಈ ಮಾರ್ಗಗಳಲ್ಲಿ ಮಾತ್ರ ಉಗಿ ಓಡಬಹುದು ಎಂದು. ಶ್ರೂಸ್‌ಬರಿಯಿಂದ ನ್ಯೂಪೋರ್ಟ್, ಬರ್ಮಿಂಗ್‌ಹ್ಯಾಮ್‌ನಿಂದ ಡಿಡ್‌ಕಾಟ್, ಕಾರ್ನ್‌ಫರ್ತ್‌ನಿಂದ ಬ್ಯಾರೋ, ಹೀಗೆ. ಭೂಪಟ ತೆಗೆದು ನೋಡಿದರೆ ಲೆಕ್ಕಾಚಾರ ತಿಳಿಯುತ್ತದೆ. ಬರ್ಮಿಂಗ್‌ಹ್ಯಾಮ್‌ನ ಟೈಸ್ಲಿ, ಡಿಡ್‌ಕಾಟ್, ಕಾರ್ನ್‌ಫರ್ತ್ ಎಲ್ಲವೂ ಉಳಿಸಿಕೊಂಡ ಇಂಜಿನ್‌ಗಳು ನಿಲ್ಲುತ್ತಿದ್ದ ಜಾಗಗಳು. ಈ ದಾರಿಗಳಲ್ಲಿ ತಲೆಯ ಮೇಲೆ ವಿದ್ಯುತ್ ತಂತಿ ಇರಲಿಲ್ಲ. ಲಂಡನ್ನಿನ ದೊಡ್ಡ ನಿಲ್ದಾಣಗಳ ನೂಕುನುಗ್ಗಲೂ ಇರಲಿಲ್ಲ. ಆ ಪಟ್ಟಿ ಜಿಪುಣತನದ್ದು ಎಂದು ಅಂದು ಗೊಣಗಿದವರಿದ್ದಾರೆ. ನನಗೆ ಅದು ಜಾಣತನ ಅನ್ನಿಸುತ್ತದೆ. ಎಲ್ಲಾ ಕಡೆ ಒಮ್ಮೆಲೇ ಬಿಟ್ಟು ಒಂದು ಅಪಘಾತವಾಗಿದ್ದರೆ ಬಾಗಿಲು ಮತ್ತೆ ತೆರೆಯುತ್ತಿರಲಿಲ್ಲ.

ಪಟ್ಟಿ ಮೆಲ್ಲಗೆ ಬೆಳೆಯಿತು. 1978ರಲ್ಲಿ ಸೆಟಲ್–ಕಾರ್ಲೈಲ್ ಮಾರ್ಗ ಸೇರಿತು. ಮರವಿಲ್ಲದ ಬೆಟ್ಟಗಳ ನಡುವೆ, 24 ಕಮಾನಿನ ರಿಬಲ್‌ಹೆಡ್ ಸೇತುವೆ ದಾಟಿ, 356 ಮೀಟರ್ ಎತ್ತರದ ಏಸ್ ಗಿಲ್‌ವರೆಗೆ ಹತ್ತುವ ದಾರಿ ಅದು. 1980ರ ದಶಕದಲ್ಲಿ ಆ ಮಾರ್ಗವನ್ನೇ ಮುಚ್ಚಲು ಹೊರಟಾಗ ಜನ ಹೋರಾಡಿದರು. 1989ರಲ್ಲಿ ಅದು ಉಳಿಯಿತು. 1984ರಲ್ಲಿ ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂನಿಂದ ಸಮುದ್ರದಂಚಿನ ಮಾಲೆಗ್‌ವರೆಗೆ ಬೇಸಿಗೆಯ ಉಗಿ ರೈಲು ಶುರುವಾಯಿತು. ಬರೀ 66 ಕಿಲೋಮೀಟರ್. ಗ್ಲೆನ್‌ಫಿನನ್‌ನ 21 ಕಮಾನಿನ ಬಾಗಿದ ಸೇತುವೆ ಇರುವುದು ಇಲ್ಲೇ. ಆಮೇಲೆ ಹ್ಯಾರಿ ಪಾಟರ್ ಸಿನಿಮಾದಿಂದ ಅದು ಜಗತ್ತಿಗೆಲ್ಲ ಪರಿಚಯವಾಯಿತು. ಪ್ರಯಾಣಿಕರು ಕಡಿಮೆಯಿದ್ದ ಮಾರ್ಗಕ್ಕೆ ಉಗಿ ಇಂಜಿನ್ನೇ ಪ್ರವಾಸಿಗರನ್ನು ಕರೆತಂದಿತು. ಯಾವುದನ್ನು ನಾಚಿಕೆ ಎಂದು ಬಚ್ಚಿಟ್ಟಿದ್ದರೋ ಅದೇ ದುಡ್ಡು ತರಲು ನಿಂತಿತ್ತು.

1990ರ ದಶಕದ ನಡುವಿನಲ್ಲಿ ಬ್ರಿಟಿಷ್ ರೈಲ್ವೆ ಖಾಸಗಿಯವರ ಕೈಗೆ ಹೋಯಿತು. ಹಳಿ ಒಬ್ಬರದು, ರೈಲು ಇನ್ನೊಬ್ಬರದು. ಲೈಸೆನ್ಸ್ ಇದ್ದವರು ಬಾಡಿಗೆ ಕಟ್ಟಿ ದಾರಿ ಕೇಳಬಹುದು. ಹಳೇ ಪಟ್ಟಿಗೆ ಅರ್ಥ ಉಳಿಯಲಿಲ್ಲ. ನಕ್ಷೆ ತೆರೆದುಕೊಂಡಿತು. ಆದರೆ ಒಂದೊಂದು ಇಂಜಿನ್ನಿಗೂ ಒಂದೊಂದು ಮಾರ್ಗಕ್ಕೂ ಬೇರೆ ಬೇರೆ ಲೆಕ್ಕ ಬಂತು.

ಮೊದಲ ಲೆಕ್ಕ ಭಾರದ್ದು. ಅಲ್ಲಿ ಮಾರ್ಗಗಳಿಗೂ ಇಂಜಿನ್‌ಗಳಿಗೂ 1ರಿಂದ 10ರವರೆಗೆ ಅಂಕಿ ಇದೆ. ಇಂಜಿನ್ನಿನ ಅಂಕಿ ಮಾರ್ಗದ ಅಂಕಿಗಿಂತ ದೊಡ್ಡದಾದರೆ ಸುಮ್ಮನೆ ಬಿಡುವುದಿಲ್ಲ. ಉಗಿ ಇಂಜಿನ್ನಿಗೆ ಇನ್ನೊಂದು ಸ್ವಭಾವವಿದೆ. ಪಿಸ್ಟನ್ನಿನ ಹೋಗಿಬರುವ ಭಾರವನ್ನು ಸರಿದೂಗಿಸಲು ಚಕ್ರಕ್ಕೆ ತೂಕ ಕಟ್ಟಿರುತ್ತಾರೆ. ಆ ತೂಕ ಚಕ್ರ ಒಂದು ಸುತ್ತು ತಿರುಗಿದಾಗಲೆಲ್ಲ ಹಳಿಗೆ ಸುತ್ತಿಗೆಯಂತೆ ಬಡಿಯುತ್ತದೆ. ವೇಗ ಹೆಚ್ಚಿದಷ್ಟೂ ಪೆಟ್ಟು ಜೋರು. ಹಳೇ ಸೇತುವೆಗಳಿಗೆ ಇದು ಒಳ್ಳೆಯದಲ್ಲ.

ಎರಡನೆಯದು ಮೈಕಟ್ಟು. ಗ್ರೇಟ್ ವೆಸ್ಟರ್ನ್ ಕಂಪನಿಯ 'ಕಿಂಗ್' ಇಂಜಿನ್‌ಗಳು ಎತ್ತರ, ಅಗಲ ಎರಡರಲ್ಲೂ ದೊಡ್ಡವು. ಬ್ಯಾರಿ ಗುಜರಿಯಿಂದ ಬದುಕಿ ಬಂದ 'ಕಿಂಗ್ ಎಡ್ವರ್ಡ್ 1' ಇನ್ನಷ್ಟು ಮಾರ್ಗಗಳಲ್ಲಿ ಓಡಬೇಕಾದಾಗ ಅದರ ಚಿಮಣಿ, ಕ್ಯಾಬ್ ಎಲ್ಲವನ್ನೂ ಕೆಲವು ಇಂಚು ತಗ್ಗಿಸಬೇಕಾಯಿತು. ಇಷ್ಟಪಟ್ಟು ಕಾಪಾಡಿದ ಇಂಜಿನ್ನಿನ ತಲೆ ಕತ್ತರಿಸುವುದು ಯಾರಿಗೂ ಸುಲಭವಲ್ಲ. ಆದರೆ ಹಳಿಯ ಮೇಲೆ ಹಾದುಹೋಗುವ ಸೇತುವೆ ಬಗ್ಗುವುದಿಲ್ಲವಲ್ಲ.

ಮೂರನೆಯದು ನೀರು. ದೊಡ್ಡ ಇಂಜಿನ್ನಿಗೆ ಸುಮಾರು 160 ಕಿಲೋಮೀಟರಿಗೊಮ್ಮೆ ನೀರು ಬೇಕು. ಹಿಂದೆ ಹಳಿಗಳ ನಡುವೆ ಉದ್ದನೆಯ ತೊಟ್ಟಿಗಳಿದ್ದವು. ಓಡುತ್ತಲೇ ಕೊಳವೆ ಇಳಿಸಿ ನೀರು ಮೊಗೆಯುತ್ತಿದ್ದರು. ಈಗ ಟ್ಯಾಂಕರ್ ಲಾರಿ ಬಂದು ಪೈಪ್ ಹಾಕಬೇಕು. ಅಷ್ಟು ಹೊತ್ತು ರೈಲನ್ನು ಬದಿಗೆ ನಿಲ್ಲಿಸಲು ಲೂಪ್ ಹಳಿ ಬೇಕು, ಲಾರಿ ಬರಲು ರಸ್ತೆ ಬೇಕು. ಮೇಲೆ 25,000 ವೋಲ್ಟಿನ ತಂತಿ ಇದ್ದರೆ ಟೆಂಡರ್ ಹತ್ತಿ ಕಲ್ಲಿದ್ದಲು ಸರಿಸುವಂತೆಯೂ ಇಲ್ಲ.

ನಾಲ್ಕನೆಯದು ಸಮಯ. ಹೆಚ್ಚಿನ ಉಗಿ ರೈಲುಗಳ ಮಿತಿ ಗಂಟೆಗೆ 75 ಮೈಲಿ, ಅಂದರೆ 120 ಕಿಲೋಮೀಟರ್. ಲಂಡನ್–ಎಡಿನ್‌ಬರೋ ಮಾರ್ಗದಲ್ಲಿ ಉಳಿದ ರೈಲುಗಳು 200ರಲ್ಲಿ ಬರುತ್ತವೆ. ಈ ಅಂತರ ತಗ್ಗಿಸಲು ಹೊರಟಿದ್ದು 'ಟೊರ್ನೆಡೊ'. ಇದು ರಿಪೇರಿ ಮಾಡಿದ ಇಂಜಿನ್ ಅಲ್ಲ. ಹಳೇ ನಕ್ಷೆ ಆಧರಿಸಿ ಉತ್ಸಾಹಿಗಳು ಡಾರ್ಲಿಂಗ್‌ಟನ್‌ನಲ್ಲಿ ಹೊಸದಾಗಿಯೇ ಕಟ್ಟಿ 2008ರಲ್ಲಿ ಮುಗಿಸಿದ್ದು. 2017ರ ಏಪ್ರಿಲ್‌ನ ಒಂದು ರಾತ್ರಿ ಪರೀಕ್ಷೆಯಲ್ಲಿ ಅದು ಗಂಟೆಗೆ 100 ಮೈಲಿ ಮುಟ್ಟಿತು. ಗಂಟೆಗೆ 90 ಮೈಲಿಗೆ ಅನುಮತಿ ಪಡೆದು 2018ರ ಏಪ್ರಿಲ್‌ನಲ್ಲಿ ಪ್ರಯಾಣಿಕರನ್ನು ಹೊತ್ತು ಹೊರಟಾಗ, ದಾರಿಯಲ್ಲೇ ಕೆಟ್ಟು ನಿಂತಿತು. ಅಂಥ ಮಾರ್ಗದಲ್ಲಿ ಒಂದು ಇಂಜಿನ್ ನಿಂತರೆ ಹಿಂದಿರುವ ಎಲ್ಲರಿಗೂ ತಡ. ಜನರ ಪ್ರೀತಿಯೂ ಕೆಲವೊಮ್ಮೆ ತೊಂದರೆ ತರುತ್ತದೆ. ಸುಮಾರು ಹತ್ತು ವರ್ಷ, 42 ಲಕ್ಷ ಪೌಂಡ್ ಹಿಡಿದ ರಿಪೇರಿ ಮುಗಿಸಿ 'ಫ್ಲೈಯಿಂಗ್ ಸ್ಕಾಟ್ಸ್‌ಮನ್' 2016ರ ಫೆಬ್ರವರಿ 25ರಂದು ಲಂಡನ್‌ನಿಂದ ಯಾರ್ಕ್‌ಗೆ ಹೊರಟಾಗ, ಫೋಟೋ ತೆಗೆಯುವವರು ಹಳಿಯ ಮೇಲೇ ಇಳಿದರು. ರೈಲನ್ನು ನಡುದಾರಿಯಲ್ಲಿ ನಿಲ್ಲಿಸಬೇಕಾಯಿತು.

ಸುರಕ್ಷತೆಯ ಮಾತು ಬಂದಾಗ ಭಾವನೆಯನ್ನು ಬದಿಗಿಡಲೇಬೇಕು. 1999ರಲ್ಲಿ ಲಂಡನ್ನಿನ ಲ್ಯಾಡ್‌ಬ್ರೋಕ್ ಗ್ರೋವ್‌ನಲ್ಲಿ ಒಂದು ಡೀಸೆಲ್ ರೈಲು ಕೆಂಪು ಸಿಗ್ನಲ್ ದಾಟಿ ಹೋಗಿ 31 ಜನ ಸತ್ತರು. ಕೆಂಪು ದಾಟಿದರೆ ತಾನಾಗಿಯೇ ಬ್ರೇಕ್ ಹಾಕುವ ಉಪಕರಣ ಆಮೇಲೆ ದೇಶದೆಲ್ಲೆಡೆ ಬಂತು. ಉಗಿ ಇಂಜಿನ್ನಿಗೂ ವಿನಾಯಿತಿ ಇಲ್ಲ. 2015ರ ಮಾರ್ಚ್‌ನಲ್ಲಿ ವೂಟನ್ ಬ್ಯಾಸೆಟ್ ಜಂಕ್ಷನ್ನಿನಲ್ಲಿ ಒಂದು ಉಗಿ ರೈಲು ಕೆಂಪು ದಾಟಿ ಹಳಿಗಳಿಗೆ ಅಡ್ಡ ನಿಂತಿತು. ಸಿಬ್ಬಂದಿ ಆ ಉಪಕರಣವನ್ನೇ ಬಂದ್ ಮಾಡಿದ್ದು ತನಿಖೆಯಲ್ಲಿ ಗೊತ್ತಾಯಿತು. ಯಾರಿಗೂ ಪೆಟ್ಟಾಗಲಿಲ್ಲ. ರೈಲು ನಡೆಸಿದ ಕಂಪನಿಗೆ ಹಳಿ ಕೆಲಕಾಲ ಮುಚ್ಚಿತು, ಕೋರ್ಟ್ 2 ಲಕ್ಷ ಪೌಂಡ್ ದಂಡವನ್ನೂ ಹಾಕಿತು. ಆ ಶಿಕ್ಷೆ ಸರಿಯಾಗಿಯೇ ಇತ್ತು. ಹಳೇ ಬೋಗಿಗಳ ಕೈಯಲ್ಲಿ ತೆರೆಯುವ ಬಾಗಿಲಿಗೆ ಒಟ್ಟಿಗೆ ಬೀಗ ಬೀಳುವ ವ್ಯವಸ್ಥೆ ಬೇಕೆಂಬ ತಕರಾರೂ ಹೀಗೇ. ಅದು 2023ರ ಕೊನೆಗೆ ಲಂಡನ್ ಹೈಕೋರ್ಟ್ ಮುಟ್ಟಿತು, ಸುರಕ್ಷತೆ ನೋಡುವ ಸಂಸ್ಥೆಯೇ ಗೆದ್ದಿತು. ಇದರಿಂದಾಗಿ ಮಾಲೆಗ್ ರೈಲು 2024ರ ವಸಂತದಲ್ಲಿ ಕೆಲವು ವಾರ ನಿಂತೇಹೋಗಿತ್ತು.

ಈಗ ಬಂದಿರುವುದು ಹೊಸ ಸಿಗ್ನಲ್. ಇದರಲ್ಲಿ ಹಳಿ ಪಕ್ಕದ ಕಂಬ, ದೀಪ ಬೇಕಿಲ್ಲ. ಎಷ್ಟು ದೂರ, ಎಷ್ಟು ವೇಗ ಎಂಬುದು ರೇಡಿಯೋ ಮೂಲಕ ಕ್ಯಾಬಿನೊಳಗಿನ ತೆರೆಗೆ ಬರುತ್ತದೆ. ತೆರೆ ಇಲ್ಲದ ಇಂಜಿನ್ನಿಗೆ ಆ ಹಳಿಯಲ್ಲಿ ಕಣ್ಣಿಲ್ಲದ ಹಾಗೆ. ಇದರ ಬಿಸಿ ಮೊದಲು ತಟ್ಟಿದ್ದು ವೇಲ್ಸ್‌ನ ಕೇಂಬ್ರಿಯನ್ ಮಾರ್ಗಕ್ಕೆ. 2011ರಲ್ಲಿ ಅಲ್ಲಿ ಹೊಸ ವ್ಯವಸ್ಥೆ ಬಂತು. ಬಾರ್ಮತ್‌ನ ಉದ್ದನೆಯ ಮರದ ಸೇತುವೆ ದಾಟಿ ಕಡಲ ಅಂಚಿನಲ್ಲಿ ಓಡುತ್ತಿದ್ದ ಬೇಸಿಗೆಯ ಉಗಿ ರೈಲುಗಳು ನಿಂತವು. ಸೇತುವೆ ಗಟ್ಟಿಯಾಗಿತ್ತು, ಇಂಜಿನ್ ಚೆನ್ನಾಗಿತ್ತು, ಜನ ಟಿಕೆಟ್ ಕೊಳ್ಳಲು ತಯಾರಿದ್ದರು. ಆದರೂ ನಿಂತವು.

ನಮ್ಮಲ್ಲೂ ಇದೇ ಪ್ರಶ್ನೆ ಬರಲಿದೆ. 1855ರಲ್ಲಿ ಬ್ರಿಟನ್ನಿನ ಲೀಡ್ಸ್‌ನಲ್ಲಿ ಕಟ್ಟಿದ 'ಫೇರಿ ಕ್ವೀನ್' 1997ರಲ್ಲಿ ದೆಹಲಿಯಿಂದ ಅಲ್ವರ್‌ವರೆಗೆ ಪ್ರವಾಸಿಗರನ್ನು ಎಳೆದಿತ್ತು. ಇವತ್ತು ನಮ್ಮ ಬ್ರಾಡ್‌ಗೇಜ್ ಹಳಿಗಳ ಮೇಲೆ ಬಹುತೇಕ ಎಲ್ಲೆಡೆ ವಿದ್ಯುತ್ ತಂತಿ ಇದೆ, ರೈಲು ಡಿಕ್ಕಿ ತಡೆಯುವ ಕವಚ್ ವ್ಯವಸ್ಥೆ ಬರುತ್ತಿದೆ.

ಬ್ರಿಟನ್ನಿನಲ್ಲಿ ಲಂಡನ್‌ನಿಂದ ಎಡಿನ್‌ಬರೋಗೆ ಹೋಗುವ ಪೂರ್ವ ಮುಖ್ಯಮಾರ್ಗವೂ ಈಗ ಹೊಸ ಸಿಗ್ನಲ್‌ಗೆ ಬದಲಾಗುತ್ತಿದೆ. ಅದರ ಭಾಗವಾಗಿಯೇ 'ಟೊರ್ನೆಡೊ'ಗೆ ಆ ಉಪಕರಣ ಕೂರಿಸುವ ಕೆಲಸಕ್ಕೆ ಕೈಹಾಕಿದರು. ಅದು ಸುಲಭದ್ದಲ್ಲ. ಕ್ಯಾಬಿನಲ್ಲಿ ಬೆಂಕಿಯ ಕಾವು, ಕಲ್ಲಿದ್ದಲ ಪುಡಿ, ಬಿಡದ ನಡುಕ. ಕಂಪ್ಯೂಟರಿಗೆ ಇವು ಮೂರೂ ಆಗದು. ಅದಕ್ಕೆ ಬೇಕಾದ ವಿದ್ಯುತ್ತನ್ನೂ ಇಂಜಿನ್ನೇ ಹುಟ್ಟಿಸಿಕೊಳ್ಳಬೇಕು. ಹಾಗಾಗಿ ಈಗ ಒಂದೇ ಕ್ಯಾಬಿನಲ್ಲಿ ಫೈರ್‌ಮನ್‌ಗೆ ಸಲಿಕೆ, ಡ್ರೈವರ್‌ಗೆ ರೇಡಿಯೋ ಸಂದೇಶ ತೋರಿಸುವ ತೆರೆ.